ಬೈಟು

ಸಂಜೆ ಆರಕ್ಕೆ ಹೊನ್ನೂರವಲಿಯ ಅಂಗಡಿಯಲ್ಲಿ
ಒಂದು ಚಾ, ಎರಡು ಲೋಟ.
ನನ್ನ ಪಾಲಿಗೆ ಕೆನೆ ಬಂತು, ಅವನ ಪಾಲಿಗೆ ತಳದ ಚರಟ.
ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ.

ಈಗ ರಾತ್ರಿ ಒಂದೂವರೆ.
ಎರ್ರಿಸ್ವಾಮಿಯ ಗೊರಕೆ,
ಅದಿರು ತುಂಬಿದ ಟಿಪ್ಪರು ಮೊದಲ ಗೇರಿನಲ್ಲಿ ದಿಬ್ಬ ಹತ್ತಿದ ಹಾಗೆ.
ಕಿಟಕಿಯಾಚೆ ಕಾರ್ಖಾನೆ ಉಗುಳುವ ಕೆಂಪು.
ತೋರಣಗಲ್ಲಿನ ಆಕಾಶಕ್ಕೆ ರಾತ್ರಿ ಪೂರ್ತಿ ಆಗುವುದೇ ಇಲ್ಲ,
ನನಗೂ.

ಡಿ ಫಾರ್ಮಾ ಓದಿದವಳು.
ನಿದ್ದೆ ಬರದಿದ್ದರೆ ಕುರಿ ಎಣಿಸುವುದಿಲ್ಲ, ತಾಸು ಎಣಿಸುತ್ತೇನೆ.

ಕರುಳಿನಿಂದ ರಕ್ತಕ್ಕೆ ಮುಕ್ಕಾಲು ತಾಸು.
ಆಮೇಲೆ ಮಿದುಳಿನಲ್ಲಿ, ದಣಿವು ಬಂದು ಕೂರಬೇಕಾದ ಜಾಗದಲ್ಲಿ
ಕೆಫೀನು ಮೊದಲೇ ಕೂತಿರುತ್ತದೆ,
ಬಳ್ಳಾರಿ ಬಸ್ಸಿನ ಕಿಟಕಿಯಿಂದ
ಟವೆಲ್ಲು ಎಸೆದು ಸೀಟು ಹಿಡಿದವನ ಹಾಗೆ.
ದಣಿವಿಗೆ ಕಂಬಿಯೇ ಗತಿ.

ಎಬ್ಬಿಸಿ ಇಳಿಸಬೇಕಾದದ್ದು ಲಿವರು.
ಕೆಫೀನಿನ ಅಂಗಿಗೆ ಮೂರು ಗುಂಡಿ;
ಒಂದನ್ನು ಬಿಚ್ಚಿದರೆ ಸಾಕು, ಅದರ ಹೆಸರೇ ಬದಲು,
ಮೆಲ್ಲಗೆ ಉಚ್ಚೆಯ ದಾರಿ ಹಿಡಿಯುತ್ತದೆ.

ಅವನ ಲಿವರು ಬೀಡಿಯ ಹೊಗೆಯಲ್ಲಿ ಪಳಗಿದ್ದು.
ಹೊಗೆ ಹೋದಷ್ಟೂ ಅಲ್ಲಿ ಆಳು ಹೆಚ್ಚು,
ಮೂರು ತಾಸಿಗೆ ಅರ್ಧ, ಆರು ತಾಸಿಗೆ ಕಾಲು.
ಹನ್ನೆರಡಕ್ಕೆ ಎದ್ದು ಹಿತ್ತಲಿಗೆ ಹೋಗಿ ಬಂದ,
ಅವನ ಚಾದ ಕಥೆ ಹೆಚ್ಚುಕಡಿಮೆ ಮುಗಿಯಿತು.
(ಬೀಡಿಗೆ ಇದೊಂದು ಹೊಗಳಿಕೆಯಲ್ಲ ಮತ್ತೆ.)

ನನಗೆ ಏಳನೇ ತಿಂಗಳು.
ನನ್ನೊಳಗಿನ ಆಳುಗಳೆಲ್ಲ ರಜೆ ಹಾಕಿ ಕೂತಿದ್ದಾರೆ.
ಅರ್ಧ ಇಳಿಯಲಿಕ್ಕೇ ಹದಿನೈದು ತಾಸು.
ಅಂದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ
ನಾನು ಮೆಡಿಕಲ್ ಶಾಪಿನ ಶಟರು ಎತ್ತುವಾಗ
ಈ ಚಾದ ಅರ್ಧ
ಇನ್ನೂ ನನ್ನ ಮೈಯಲ್ಲಿ ಸುತ್ತು ಹಾಕುತ್ತಿರುತ್ತದೆ.

ಒದೆಯಿತು.
ಓಹೋ, ನೀನೂ ಎದ್ದಿದ್ದೀಯಾ?
ಕರೆಯದೆ ನಿನ್ನ ಪಾಲು ನೀನು ತಗೊಂಡೆಯಲ್ಲ.
ಬೆರಳು ಮೂಡಿವೆ ನಿನಗೆ, ಸ್ಕ್ಯಾನಿನಲ್ಲಿ ನೋಡಿದ್ದೇನೆ;
ಈ ಗುಂಡಿ ಬಿಚ್ಚುವುದು ಮಾತ್ರ ಇನ್ನೂ ಬರುವುದಿಲ್ಲ.
ಬಂದದ್ದನ್ನು ಹಾಗೇ ನನ್ನ ಕೈಗೆ ವಾಪಸು ಕೊಡುತ್ತೀಯ,
ನಾನೋ ನಿಧಾನ.

ಇನ್ನೊಂದು ನಗೆಪಾಟಲು.
ಈ ಊರಲ್ಲಿ ಮೂಗು ಸೀನಿದರೂ ಕರ್ಚೀಫು ಕೆಂಪು,
ಒಣ ಹಾಕಿದ ಸೀರೆ, ಬೇವಿನ ಎಲೆ, ನಾಯಿಯ ಬೆನ್ನು
ಎಲ್ಲದರ ಮೇಲೂ ಅದಿರು;
ನನ್ನ ರಕ್ತದ ರಿಪೋರ್ಟಿನಲ್ಲಿ ಮಾತ್ರ ಎಂಟು ಪಾಯಿಂಟ್ ನಾಲ್ಕು.
ಗಿರಾಕಿಗಳಿಗೆಲ್ಲ ಹೇಳಿ ಕಳಿಸುವವಳು ನಾನೇ,
‘ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಚಾ ಮುಟ್ಟಬೇಡಮ್ಮ,
ಚಾದ ಒಗರು ಕಬ್ಬಿಣವನ್ನು ತಬ್ಬಿಕೊಂಡು
ಕರುಳಿನಿಂದ ಹಾಗೇ ಆಚೆ ಕರಕೊಂಡು ಹೋಗುತ್ತೆ.’
ಇವತ್ತು ಐದೂಮುಕ್ಕಾಲಿಗೆ ಮಾತ್ರೆ ನುಂಗಿ
ಆರಕ್ಕೆ ಲೋಟ ಹಿಡಿದವಳೂ ನಾನೇ.
ಶುಂಠಿ ಜಜ್ಜುವ ಸದ್ದು ಕೇಳಿಸಿತ್ತು, ಏನು ಮಾಡಲಿ.

ನಾಲ್ಕಕ್ಕೆ ಅಲಾರಂ.
ಶಿಫ್ಟಿಗೆ ಏಳುವವನು, ಕಣ್ಣುಜ್ಜುತ್ತ,
ಕತ್ತಲಲ್ಲೇ ಬೆಂಕಿಪೊಟ್ಟಣ ತಡಕುತ್ತ,
‘ಚಾ ಇಡ್ಲೇನು, ನಿನಗೂ?’

ಬ್ಯಾಡ,
ನಿನ್ನೆದೇ ಇನ್ನೂ ಕುಡಿಯಾಕತ್ತೀನಿ.