ಅಡ್ಡಕೋಲು

ಮೊಮ್ಮಗಳ ಪಟ್ಟಿಪುಸ್ತಕದಲ್ಲಿ ಹತ್ತು ಗೆರೆ ಖಾಲಿ ಉಂಟು.
ಮೇಲೆ ಟೀಚರು ಬರೆಸಿದ ತಲೆಬರಹ:
ನನ್ನ ಮೆಚ್ಚಿನ ಕ್ರೀಡಾಪಟು ಮತ್ತು ಅವರ ಗುಣಗಳು.
ಟೀವಿಯಲ್ಲಿ ಬರುವವರೆಲ್ಲ ಕ್ಲಾಸಿನಲ್ಲಿ ಆಗಲೇ ಮುಗಿದಿದ್ದಾರಂತೆ,
ಒಬ್ಬನೇ ಬ್ಯಾಟಿನವನು ಹದಿನೇಳು ಮಂದಿಗೆ.
ಅಜ್ಜ, ನಿನಗೆ ಯಾರಾದರೂ ಗೊತ್ತುಂಟಾ?

ಗೊತ್ತುಂಟು.
ಇಪ್ಪತ್ತೆರಡು ವರ್ಷ ಅಜ್ಜರಕಾಡು ಮೈದಾನದಲ್ಲಿ
ಎತ್ತರ ಜಿಗಿತದ ಮರಳುಹೊಂಡದ ಬದಿ
ಕಬ್ಬಿಣದ ಕುರ್ಚಿಯಲ್ಲಿ ಕೂತವನು ನಾನು.
ಬಿದ್ದ ಕೋಲನ್ನು ಎತ್ತಿ ಇಡುವುದು, ಅಷ್ಟೇ ಕೆಲಸ.
ಕಾಲೇಜಿನ ಅಟೆಂಡರನಿಗೆ ಆ ಒಂದು ದಿನ
ಬಿಳಿ ಟೊಪ್ಪಿ, ಕಾಗದದಲ್ಲಿ ಕಟ್ಟಿದ ನಾಲ್ಕು ಬನ್ಸು,
ಎದೆಗೆ ಪಿನ್ನು ಚುಚ್ಚಿದ 'ಅಧಿಕಾರಿ' ಎಂಬ ರಿಬ್ಬನ್ನು.

ಓಡುವವರನ್ನು ನಾನು ಸರಿಯಾಗಿ ಕಂಡವನಲ್ಲ,
ಅವರದ್ದೆಲ್ಲ ನನ್ನ ಬೆನ್ನ ಹಿಂದೆ.
ಗುಂಡೆಸೆತ ಅಂದರೆ ನೆಲದ ಒಂದು ಗುದ್ದು.
ನನಗೆ ಗೊತ್ತಿದ್ದವರು ಹಾರುವವರು.
ಈ ಆಟದಲ್ಲಿ ಒಂದು ವಿಚಿತ್ರ ಉಂಟು, ಯಾರೂ ಹೇಳುವುದಿಲ್ಲ:
ಗೆದ್ದವರೂ ಕೊನೆಗೆ ಕೆಡವಿಯೇ ಮನೆಗೆ ಹೋಗುವುದು.
ಎತ್ತರ ಏರಿಸುತ್ತಾ ಹೋಗುತ್ತಾರೆ, ಅದು ಬೀಳುವ ತನಕ.
ಹಾಗಾಗಿ ಎಷ್ಟೋ ಚಿನ್ನದ ಪದಕದವರ ಮುಖ
ನಾನು ನೋಡಿದ್ದು ಮರಳಿನಲ್ಲಿ.

ಕೆಲವರು ಕೋಲಿಗೆ ಒದೆಯುತ್ತಿದ್ದರು.
ಕೆಲವರು ಗಾಳಿಗೆ ಬೈಯುತ್ತಿದ್ದರು, ಮಧ್ಯಾಹ್ನ ಮೂರರ ಮೇಲೆ
ಮಲ್ಪೆ ಕಡೆಯಿಂದ ಬರುವ ಗಾಳಿ, ಅದಕ್ಕೇನು ಗೊತ್ತು ಪಾಪ.
ಕಾರ್ಕಳದ ಒಬ್ಬ ಹುಡುಗ ನನ್ನನ್ನೇ ದುರುಗುಟ್ಟುತ್ತಿದ್ದ,
ನಾನು ಓರೆ ಇಟ್ಟೆನೇನೋ ಎಂಬಂತೆ.

ಹರಿಣಾಕ್ಷಿ ಹಾಗಲ್ಲ.
ಉದ್ಯಾವರದವಳು, ಹೊಳೆಯಲ್ಲಿ ಮರುವಾಯಿ ಹೆಕ್ಕುವವರ ಮಗಳು.
ಬಿದ್ದ ಕೋಲನ್ನು ತಾನೇ ಎತ್ತಿ, ಲಂಗದ ಅಂಚಿನಲ್ಲಿ ಮರಳು ಒರೆಸಿ,
ಎರಡೂ ಕೈಯಲ್ಲಿ ನನಗೆ ಕೊಡುತ್ತಿದ್ದಳು,
ಪಕ್ಕದ ಮನೆಯಿಂದ ತಂದ ಕೊಡೆ ವಾಪಸು ಕೊಟ್ಟ ಹಾಗೆ.
ಆಮೇಲೆ ತನ್ನ ಗುರುತಿಗೆ, ಹದಿಮೂರು ಹೆಜ್ಜೆ ಹಿಂದೆ.
ಗುರುತು ಅಂದರೆ ಗೆರಟೆಯ ಒಂದು ಚೂರು.

ಆ ವರ್ಷ ಜಿಲ್ಲಾ ಕೂಟ. ಉಳಿದವರು ಇಬ್ಬರು.
ನೂರ ನಲವತ್ತೆಂಟು ಸೆಂಟಿಮೀಟರು.
ಕುಂದಾಪುರದ ಹುಡುಗಿ ಮೂರೂ ಸಲ ಕೆಡವಿ
ನೀರು ಕುಡಿಯುತ್ತಿದ್ದಳು. ಇವಳಿಗೆ ಕೊನೆಯ ಅವಕಾಶ;
ತಪ್ಪಿದರೆ ಹಿಂದಿನ ಲೆಕ್ಕದಲ್ಲಿ ಪದಕ ಕುಂದಾಪುರಕ್ಕೆ.
ಗೆರಟೆಯ ಹತ್ತಿರ ನಿಂತಳು.
ಓಡಲಿಲ್ಲ.
'ಅಣ್ಣಾ, ಬಲಗಡೆ ಸ್ವಲ್ಪ ಇಳಿದಿದೆ.'

ಯಾರಿಗೂ ಕಂಡಿರಲಿಲ್ಲ ಮಾರಾಯ್ತಿ,
ನನಗೂ.
ಮೇಷ್ಟ್ರು ಟೇಪು ಹಿಡಿದು ಬಂದರು, ಅಳೆದರು, ಇನ್ನೊಮ್ಮೆ ಅಳೆದರು.
ಕಂಬದ ತಿರುಪು ಸಡಿಲವಾಗಿ ಒಂದು ಬೆರಳಷ್ಟು ಇಳಿದಿತ್ತು.
ಬಿಗಿ ಮಾಡಬೇಕಾದವನು ನಾನು.
ಬನ್ಸು ತಿನ್ನುತ್ತಿದ್ದೆ.

ಬಿಗಿ ಮಾಡಿ ಏರಿಸಿದೆವು. ಓಡಿ ಬಂದಳು, ಹಾರಿದಳು,
ಇಡೀ ಮೈ ಆಚೆ ಹೋಗಿಯಾಗಿತ್ತು,
ಹಿಂದಿನ ಕಾಲಿನ ಹಿಮ್ಮಡಿ
ತಾಗಿತು.
ಕೋಲು ಒಂದು ಗಳಿಗೆ ಯೋಚಿಸಿದ ಹಾಗೆ ನಡುಗಿ
ಬಿತ್ತು.
ಒಂದು ಬೆರಳಿನ ಲೆಕ್ಕ ಅಟೆಂಡರನಿಗೂ ಬರುತ್ತದೆ.

ಅವಳು ಎದ್ದು ಕೋಲು ಎತ್ತಿದಳು, ಮರಳು ಒರೆಸಿದಳು.
ಇನ್ನು ಹಾರುವವರು ಯಾರೂ ಇರಲಿಲ್ಲ,
ಆದರೂ ತಂದು ಕೊಟ್ಟಳು.
ನಾನೂ ಅದನ್ನು ಮೇಲೆ ಇಟ್ಟೆ,
ಆ ದಿನ ಮೊದಲ ಸಲ, ಎರಡೂ ಕಡೆ ನೋಡಿ.

ಅತ್ತಳಾ?
ಅತ್ತಳು, ನೀರಿನ ಟ್ಯಾಂಕಿಯ ಹಿಂದೆ, ಚೆನ್ನಾಗಿಯೇ.
ಆಮೇಲೆ ನನ್ನ ಪೊಟ್ಟಣದಲ್ಲಿ ಉಳಿದ ಎರಡು ಬನ್ಸು ತಿಂದು
ಕಾಪು ಬಸ್ಸು ಹತ್ತಿದಳು.

ಹಾಗಾದರೆ ಗೆಲ್ಲಲೇ ಇಲ್ಲವಾ?
ಮೊಮ್ಮಗಳ ಪೆನ್ಸಿಲು ನಿಂತಿದೆ.
ಛಲ, ಶಿಸ್ತು, ಪರಿಶ್ರಮ ಎಲ್ಲ ಬೋರ್ಡಿನಲ್ಲಿ ಕೊಟ್ಟಿದ್ದಾರೆ ಅಜ್ಜ,
ಇದಕ್ಕೆ ಯಾವ ಗುಣ ಬರೆಯಲಿ?

ನಾನೂ ಹುಡುಕಿದೆ. ಸಿಗಲಿಲ್ಲ.
ಕಣ್ಣು ಸರಿ ಇತ್ತು ಅಂತ ಬರೆ, ಅಂದೆ.

ಬರೆದಳು, ಗುಂಡಾದ ಅಕ್ಷರದಲ್ಲಿ.
ಇನ್ನೂ ಒಂಬತ್ತು ಗೆರೆ ಉಂಟು, ಅಜ್ಜ.