ಬಿತ್ತಕ್ಕಿಟ್ಟದ್ದು

ಅಘನಾಶಿನಿಯ ಬಳಚು ತಿಂದವರು ಬಹಳ ಮಂದಿ,
ಅದರ ಚಿಪ್ಪು ಸುಡುವವರು ನಾವು ನಾಲ್ಕೇ ಮನೆ.
ಭಟ್ಟಿಯಿಂದ ತೆಗೆದದ್ದಕ್ಕೆ ನೀರು ಚಿಮುಕಿಸಿದರೆ
ಸತ್ತ ಚಿಪ್ಪು ಎದ್ದು ಕೂತು ಬುಸ್ಸೆನ್ನುತ್ತದೆ,
ಅರಳಿ ಹಿಟ್ಟಾಗುತ್ತದೆ.
ಆ ದಿನ ಒಂದು ಉಂಡೆ
ಅರಳದೆ ಸಿಡಿಯಿತು, ನನ್ನ ಎಡಗಣ್ಣಿಗೆ.

ಸುಣ್ಣಕ್ಕೆ ನೀರು ಬೇಡ, ಎಣ್ಣೆ ಬಿಡು, ಮೊಲೆಹಾಲು ತಾ
ಎಂದು ಕೂಗುವವರನ್ನು ಕೂಗಲು ಬಿಟ್ಟು
ಮಂಕಾಳಿ ನನ್ನ ಕತ್ತು ಹಿಡಿದು ಬಾವಿಕಟ್ಟೆಗೆ ಎಳೆದಳು.
ಕೊಡದ ಮೇಲೆ ಕೊಡ. ಎಣಿಸಿದವರಿಲ್ಲ.
ಮದುವೆಯ ದಿನವೂ ಇಷ್ಟು ನೀರು ಬಿದ್ದಿರಲಿಲ್ಲ ನನ್ನ ತಲೆಗೆ.
ಕಣ್ಣಿನ ಆಳ ಉಳಿದದ್ದು ಆ ಕೊಡಗಳಿಂದ
ಎಂದರು ಆಮೇಲೆ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ.

ಆಳ ಉಳಿಯಿತು. ಮೇಲಿನದು ಹೋಯಿತು.
ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರಿಗುಡ್ಡೆಯ ತುಂಬ
ಬಿಳಿಯೂ ಅಲ್ಲದ ಕೆಂಪೂ ಅಲ್ಲದ ಒಂದು ಚರ್ಮ.
ಸಾರಿನಲ್ಲಿ ಬೆಂದ ಮೀನಿನ ಕಣ್ಣು.
ಮೊಮ್ಮಗಳು ಊಟಕ್ಕೆ ನನ್ನ ಬಲಗಡೆಯೇ ಕೂರುತ್ತಿದ್ದಳು.

ಡಾಕ್ಟರಮ್ಮ ಚೀಟಿಯ ಹಿಂದೆ ಒಂದು ಸುತ್ತು ಬರೆದರು:
ಕಪ್ಪು ಬಿಳಿಗೆ ತಾಗುವ ಈ ಅಂಚು ಇದೆಯಲ್ಲ,
ಇಲ್ಲಿರುತ್ತವೆ ಕಾಂಡಕೋಶಗಳು.
ಕಣ್ಣಲ್ಲಿ ಎಂತ ಬಾಳೆಕಂಬ, ಎಂದೆ. ನಕ್ಕರು.
ಇನ್ನೂ ಏನೂ ಆಗದೆ ಉಳಿದಿರುವ ಕೋಶ ಅದು,
ಒಡೆದು ಎರಡಾದರೆ ಒಂದು ಕೆಲಸಕ್ಕೆ ಹೊರಡುತ್ತದೆ,
ಇನ್ನೊಂದು ಇದ್ದ ಹಾಗೇ ಇದ್ದುಬಿಡುತ್ತದೆ.
ಹೊರಟದ್ದು ಅಂಚಿನಿಂದ ನಡುವಿಗೆ ನಡೆಯುತ್ತ
ಗಾಜಿನಂತೆ ತಿಳಿಯಾಗಿ, ಸವೆದು, ಉದುರುತ್ತದೆ.
ಅದರ ಹಿಂದೆ ಮತ್ತೊಂದು.
ಹುಟ್ಟಿದಂದಿನಿಂದ ನಡೆದಿದೆ ಇದು, ನಿಮಗೆ ಗೊತ್ತೇ ಇಲ್ಲದೆ.

ಗಜನಿಯಲ್ಲಿ ಕಗ್ಗ ಬಿತ್ತಿದ ಮನೆ ನಮ್ಮದು.
ಎಷ್ಟೇ ಹಸಿವಾದರೂ ಮುಟ್ಟದ ಒಂದು ಮುಡಿ ಇರುತ್ತದೆ
ಅಟ್ಟದ ಮೇಲೆ, ಹುಲ್ಲಿನಲ್ಲಿ ಬಿಗಿದು.
ಅದು ಕಾಂಡ ಅಲ್ಲ ಡಾಕ್ಟ್ರೇ, ಬಿತ್ತ, ಎಂದೆ.
ನನ್ನ ಅಂಚಿನ ಬಿತ್ತ ಸುಣ್ಣದಲ್ಲಿ ಬೆಂದಿತ್ತು.
ಕಟ್ಟೆ ಒಡೆದಲ್ಲಿ, ಜಂತ್ರಡಿಗೆ ಹಲಗೆ ಇಲ್ಲದಲ್ಲಿ
ಕಗ್ಗವೂ ತಡೆಯದಷ್ಟು ಉಪ್ಪು ನುಗ್ಗುವ ಹಾಗೆ
ಬಿಳಿಯ ನರಗಳು ಕಪ್ಪಿನ ಗದ್ದೆಗೆ ಹರಿದಿದ್ದವು.

ಹಬ್ಬಿದ ಚರ್ಮ ಹೆರೆದರು.
ಬಲಗಣ್ಣಿನಿಂದ ಅಕ್ಕಿಕಾಳಿನಷ್ಟು ಅಂಚು ತೆಗೆದು
ಚೂರು ಮಾಡಿ ಎಡಗಣ್ಣಿನಲ್ಲಿ ನೆಟ್ಟರು.
ಕೆಳಗೆ ಹಾಸಿದ್ದು ಒಂದು ಪೊರೆ,
ಯಾವುದೋ ಹೆರಿಗೆಯಲ್ಲಿ ಯಾವುದೋ ಮಗು
ಒಳಗೆ ಈಜಿ ಈಜಿ ಬಿಟ್ಟುಬಂದ ಚೀಲದ್ದು.
ಆ ಮಗು ಎಲ್ಲೋ ಅಂಬೆಗಾಲಿಡುತ್ತಿರಬೇಕು ಈಗ.
ಅದು ಬಿಟ್ಟ ಹಾಸಿಗೆಯಲ್ಲಿ ಮೊಳೆಯುತ್ತ ಮಲಗಿತ್ತು
ಅರವತ್ತೆರಡರ ಒಂದು ಕಣ್ಣು.

ಸುದ್ದಿ ಕೇಳಿ ಜಟ್ಟಿ ಫೋನು ಮಾಡಿದ,
ದೋಣಿಯಲ್ಲಿ ಜಾರಿ ಬೆನ್ನುಹುರಿ ಕಡಿದು ಕೂತವನು.
ಅದೇ ಕೋಶ ಬೆನ್ನಿಗೂ ಹಾಕುತ್ತಾರಂತೆ ಯಾರೋ, ಮೂರು ಲಕ್ಷಕ್ಕೆ,
ಸಕ್ಕರೆ ಕಾಯಿಲೆಗೂ ಮಂಡಿಗೂ ಅದೇ ಸೂಜಿಯಂತೆ.
ಡಾಕ್ಟರಮ್ಮನನ್ನು ಕೇಳಿದೆ. ಪೆನ್ನು ಕೆಳಗಿಟ್ಟರು.
ರಕ್ತದ ಕ್ಯಾನ್ಸರಿಗೆ ಮಜ್ಜೆಯಿಂದ ತೆಗೆದು ಕೊಡುತ್ತಾರೆ,
ಸುಟ್ಟ ಚರ್ಮಕ್ಕೆ, ಇಂಥ ಕಣ್ಣಿಗೆ.
ಬೆನ್ನುಹುರಿಗೆ ಇನ್ನೂ ಹುಡುಕುತ್ತಿದ್ದಾರೆ.
ದುಡ್ಡು ಕೊಡಬೇಡಿ ಎಂದು ಹೇಳಿ.
ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು
ತದಡಿ ಬಂದರಿನ ಬೋಟುಗಳ ಸದ್ದು ಮಾತ್ರ.
ದೋಣಿ ಮಾರುವುದನ್ನು ಬಿಟ್ಟನೋ ಇಲ್ಲವೋ,
ನಾನು ಇನ್ನೂ ಕೇಳಿಲ್ಲ.

ಪೂರ್ತಿ ಬಂದಿಲ್ಲ ನೋಟ. ಬಸ್ಸು ಬಂದದ್ದು ಕಾಣುತ್ತದೆ,
ಬೋರ್ಡಿನ ಊರು ಕಾಣುವುದಿಲ್ಲ.
ರಾತ್ರಿ ಊಟವಾದ ಮೇಲೆ ಮಂಕಾಳಿ
ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತಾಳೆ,
ಎಲೆಯನ್ನು ನನ್ನಿಂದ ದೂರವೇ ಹಿಡಿದು.
ಬಲಗಣ್ಣು ಮುಚ್ಚಿ ನೋಡುತ್ತೇನೆ.
ಎಷ್ಟು ಕಾಣುತ್ತದೆ, ಕೇಳುತ್ತಾಳೆ.
ಸುಣ್ಣ ಜಾಸ್ತಿಯಾಯಿತು, ಒರೆಸು,
ಅನ್ನುವಷ್ಟು.