ಉಳಿದ ಸುಣ್ಣ

ಚಾಂಪಿಯನ್ ರೀಫಿನ ನಮ್ಮ ಮೈದಾನಕ್ಕೆ ಒಂದೇ ಗೇಟು,
ಗೇಟಿಗೆ ನಾನೊಬ್ಬನೇ.
ಬೆಳಿಗ್ಗೆ ಸುಣ್ಣದ ಗೆರೆ ಎಳೆಯುತ್ತೇನೆ,
ಮಧ್ಯಾಹ್ನ ಟಿಕೆಟ್ ಹರಿಯುತ್ತೇನೆ.
ಈಗ ಮೂರನೇ ಕೆಲಸ ಕೊಟ್ಟಿದ್ದಾರೆ:
ಚೀಲ ಬಿಚ್ಚಿಸಿ ನೋಡುವುದು, 'ಗಡಿಗುಡುಗು' ಇದೆಯಾ ಅಂತ.

ಬಾಟಲಿ ಅಲ್ಲ, ಚಾಕು ಅಲ್ಲ.
ಎಂಟು ಪುಟದ, ಐದು ರೂಪಾಯಿಯ, ಶುಕ್ರವಾರದ ಪೇಪರು.

ಹೋದ ವರ್ಷ ಸೆಮಿಫೈನಲ್.
ಸೈನೈಡ್ ದಿಬ್ಬದ ಕಡೆಗೆ ಕಂಪನಿ ಕಾಲದ ಗೋಡೆ.
ಅದಕ್ಕೆ ಒರಗಿ ನಮ್ಮಪ್ಪಂದಿರು ಬೀಡಿ ಸೇದಿದ್ದರು,
ಅದರ ಮೇಲೆ ಕೂತು ನಾವು ಕಾಲಾಡಿಸಿದ್ದೆವು.
ಪೆನಾಲ್ಟಿಗೆ ಸೀಟಿ ಊದಿದ್ದೇ ತಡ
ಜನ ಎದ್ದರು,
ಗೋಡೆ ಕೂತಿತು.

ನಾಲ್ಕು ಜನ.
ನಾಲ್ಕನೆಯವನು ಸಗಾಯರಾಜ, ಹತ್ತೊಂಬತ್ತು ವರ್ಷ.

ಶುಕ್ರವಾರ ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನಲ್ಲಿ
ಕ್ಲಿಪ್ಪಿಗೆ ನೇತುಬಿದ್ದ ಅಕ್ಷರ, ಒಂದೊಂದೂ ಅಂಗೈಯಗಲ, ಕೆಂಪು:
ಎಣ್ಣೆ ಏಟಿಗೆ ಗೋಡೆ ಬಿತ್ತು!

ಅವನು ಕುಡಿದಿದ್ದು ಗೋಲಿ ಸೋಡ.
ದುಡ್ಡು ನಾನು ಕೊಟ್ಟಿದ್ದೆ.

ಕ್ಲಬ್ಬಿನ ರೂಮಿನಲ್ಲಿ ಮೀಟಿಂಗು.
ಸೆಕ್ರೆಟರಿ ಡೆನ್ಸಿಲ್ ಮೇಜು ಕುಟ್ಟಿದ:
'ನಮ್ಮ ಮಣ್ಣಿನ ಮೇಲೆ ಆ ಕಾಗದ ಬೀಳಕೂಡದು.'
ಪನ್ನೀರ್ ಮೇಷ್ಟ್ರು ಕನ್ನಡಕ ಒರೆಸಿದರು, ಬಹಳ ಹೊತ್ತು ಒರೆಸಿದರು.
'ಗಣಿ ಮುಚ್ಚಿದಾಗ ನಮ್ಮ ಬಾಕಿ ಸಂಬಳದ ಲೆಕ್ಕ
ದೊಡ್ಡ ಪೇಪರಿನವರು ಯಾರು ಹಾಕಿದ್ದರು ಹೇಳಿ?
ಇದೇ ಕೊಳಕು ಹಾಳೆ. ಒಳಪುಟದಲ್ಲಿ, ಹೆಸರು ಸಮೇತ.
ಇವತ್ತು ಇದಕ್ಕೆ ಬೀಗ ಹಾಕ್ತೀರಿ,
ನಾಳೆ ಬೀಗದಕೈ ಯಾರ ಜೇಬಲ್ಲಿರುತ್ತೋ?'
'ಸತ್ತಿದ್ದು ನಿಮ್ಮ ಹುಡುಗ ಅಲ್ಲವಲ್ಲ ಮೇಷ್ಟ್ರೇ,'
ಅಂದಿದ್ದು ಯಾರೋ. ಆಮೇಲೆ ಫ್ಯಾನಿನ ಸದ್ದು.

ರೋಸಮ್ಮನನ್ನು ಯಾರೂ ಕರೆದಿರಲಿಲ್ಲ.
ಸಗಾಯನ ತಾಯಿ, ಹೊರಗೆ ಚಪ್ಪಲಿಗಳ ನಡುವೆ ನಿಂತೇ ಅಂದಳು:
'ನಿಷೇಧ ಗಿಷೇಧ ನನಗೆ ತಿಳಿಯಲ್ಲಪ್ಪ.
ಅಷ್ಟೇ ದಪ್ಪ ಅಕ್ಷರದಲ್ಲಿ
ಸೋಡ ಅಂತ ಹಾಕಿಸಿಕೊಡಿ.'

ಅದು ನಮ್ಮ ಕೈಲಿರಲಿಲ್ಲ.
ನಮ್ಮ ಕೈಲಿದ್ದಿದ್ದು ಗೇಟು.
ಏಳಕ್ಕೆ ಆರು, ಠರಾವು ಪಾಸಾಯಿತು.
ಏಳರಲ್ಲಿ ನನ್ನದೂ ಒಂದು ಕೈ,
ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ.

ಇವತ್ತು ಮೊದಲ ಪಂದ್ಯ. ಗೋಡೆಯಿದ್ದ ಜಾಗದಲ್ಲಿ ಹಗ್ಗ ಕಟ್ಟಿದ್ದಾರೆ,
ಅದರಡಿ ನುಗ್ಗಿ ಬರುವ ನಾಯಿಗೂ ಗಾಳಿಗೂ ತಪಾಸಣೆ ಇಲ್ಲ.
ಗೇಟಿಗೆ ಮೊದಲು ಬಂದವಳು ಕನ್ನಿಯಮ್ಮ,
ಕಡಲೆಕಾಯಿ ಬುಟ್ಟಿ, ನಡುವೆ ಕೆಂಡದ ಕುಡಿಕೆ,
ಅಂಚಿಗೆ ಸಿಕ್ಕಿಸಿದ ಪೊಟ್ಟಣಗಳು ನೂರಿದ್ದಾವು,
ಎಲ್ಲದರ ಮೇಲೂ ಅದೇ ಕೆಂಪು.
ರದ್ದಿ ಅಂಗಡಿಯಲ್ಲಿ ಅದು ಕೆಜಿಗೆ ಹನ್ನೆರಡು, ಬೇರೆ ಪೇಪರಾದರೆ ಹದಿನಾರು.
ಅವಳಿಗೆ ಓದು ಬರುವುದಿಲ್ಲ.
ನನಗೆ ಬರುತ್ತದೆ.

ಒಂದು ಪೊಟ್ಟಣ ಬಿಚ್ಚಿದೆ.
ಅಂಟು ಹಚ್ಚಲು ಅಡ್ಡ ಹರಿದಲ್ಲಿ ಮುಂದಿನ ಅಕ್ಷರಗಳು ಹೋಗಿ
ಉಳಿದಿದ್ದು ಇಷ್ಟೇ:
ಗೋಡೆ ಬಿತ್ತು!

ಹೌದು, ಬಿತ್ತು.
ಸೆಮಿಫೈನಲ್ಲಿಗೆ ಮೂರು ದಿನ ಮುಂಚೆ
ಅದರಲ್ಲಿ ಬಿರುಕೊಂದಿತ್ತು, ನನ್ನ ಕಿರುಬೆರಳು ಹೋಗುವಷ್ಟು.
ಡೆನ್ಸಿಲ್‌ಗೆ ತೋರಿಸಿದ್ದೆ.
'ಟೂರ್ನಮೆಂಟ್ ಮುಗೀಲಿ' ಅಂದಿದ್ದ.
ಗೆರೆ ಎಳೆದು ಉಳಿದ ಸುಣ್ಣವಿತ್ತು ಬಕೆಟ್ಟಿನಲ್ಲಿ,
ಕಾಣದ ಹಾಗೆ ಬಳಿದೆ.
ಇದನ್ನು ಯಾವ ಪೇಪರೂ ಬರೆಯಲಿಲ್ಲ,
ಬಂದು ಕೇಳಲೂ ಇಲ್ಲ.

'ಏನಣ್ಣಾ ಹಂಗೇ ನಿಂತ್ಬಿಟ್ಟೆ, ಜನ ಬರ್ತಾವ್ರೆ.'
'ಪೊಟ್ಟಣ ಇಲ್ಲಿ ಬಿಡು ಕನ್ನಿಯಮ್ಮ. ಒಳಗೆ ಕೈಗೇ ಹಾಕು.'
'ಕೈ ಸುಡಲ್ವಾ ಅವರಿಗೆ?'

ಬಿಚ್ಚಿದ ಕಾಗದ ಮಡಚಿ ಜೇಬಿಗಿಟ್ಟುಕೊಂಡು
ನನ್ನ ಅಂಗೈ ಮೊದಲು ಚಾಚಿದೆ.